ಬಿಸಿ ಬೇರೆ, ಮಸಿ ಬೇರೆ

ಹಾಲು ಕರೆಯೋದು ಹಳ್ಳಿಯ ಕೊಟ್ಟಿಗೆಯಲ್ಲಿ ಮಾತ್ರ ಅಂದ್ಕೊಂಡಿದ್ದೀರಾ? ದೊಡ್ಡ ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲೂ ಬೆಳಿಗ್ಗೆ ಎದ್ದು ಹಾಲು ಕರೀತಾರೆ. ತಮಾಷೆ ಅಲ್ಲ. ಅಲ್ಲಿ ಒಂದು ಡಬ್ಬ ಇರುತ್ತೆ, ಸುತ್ತ ದಪ್ಪ ಸೀಸದ ಗೋಡೆ. ಅದಕ್ಕೆ ಆ ವೃತ್ತಿಯವರು ಜಗತ್ತಿನಾದ್ಯಂತ ಇಟ್ಟಿರೋ ಅಡ್ಡಹೆಸರೇ ಹಸು. ಒಳಗೆ ಮಾಲಿಬ್ಡಿನಮ್-99 ಅನ್ನೋ ವಿಕಿರಣಶೀಲ ವಸ್ತು. ಅದು ತನ್ನಷ್ಟಕ್ಕೆ ತಾನೇ ಕರಗುತ್ತಾ ಕರಗುತ್ತಾ ಟೆಕ್ನೀಷಿಯಮ್ ಆಗುತ್ತೆ. ಬೆಳಿಗ್ಗೆ ಬಂದ ಟೆಕ್ನಾಲಜಿಸ್ಟ್ ಡಬ್ಬದೊಳಗೆ ಸಲೈನ್ ಹಾಯಿಸಿದರೆ ಟೆಕ್ನೀಷಿಯಮ್ ಮಾತ್ರ ಈಚೆ ಬರುತ್ತೆ, ಮಾಲಿಬ್ಡಿನಮ್ ಅಲ್ಲೇ ಉಳಿಯುತ್ತೆ. ಮಾರನೇ ದಿನದ ಹೊತ್ತಿಗೆ ಕೆಚ್ಚಲು ಮತ್ತೆ ತುಂಬಿರುತ್ತೆ. ದಿನದಿಂದ ದಿನಕ್ಕೆ ಹಾಲು ಕಡಿಮೆಯಾಗಿ, ವಾರ ಕಳೆಯೋದ್ರೊಳಗೆ ಹಸು ಬತ್ತುತ್ತೆ. ಹೊಸ ಹಸು ಬರುತ್ತೆ.

ಜಗತ್ತಿನಲ್ಲಿ ನಡೆಯೋ ನ್ಯೂಕ್ಲಿಯರ್ ಮೆಡಿಸಿನ್ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 80 ಈ ಹಾಲನ್ನೇ ನಂಬಿಕೊಂಡಿವೆ. ಮೂಳೆಗೆ ಕ್ಯಾನ್ಸರ್ ಹರಡಿದೆಯಾ, ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ, ಹೃದಯದ ಯಾವ ಭಾಗಕ್ಕೆ ರಕ್ತ ಹೋಗ್ತಿಲ್ಲ, ಇದೆಲ್ಲ ಗೊತ್ತಾಗೋದು ಹೀಗೆ. ಎಕ್ಸ್‌ರೇಯಲ್ಲಿ ಯಂತ್ರ ಕಿರಣ ಬಿಡುತ್ತೆ, ಅದು ನಿಮ್ಮ ಮೈ ಹಾಯ್ದು ಆಚೆ ಹೋಗುತ್ತೆ. ಸ್ವಿಚ್ ಆರಿಸಿದರೆ ಕಥೆ ಮುಗೀತು. ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಅದು ತಿರುವುಮುರುವು. ಔಷಧಿಯನ್ನು ನಿಮ್ಮ ರಕ್ತಕ್ಕೇ ಸೇರಿಸ್ತಾರೆ, ನೀವೇ ಕಿರಣ ಬಿಡ್ತೀರಿ, ಕ್ಯಾಮೆರಾ ಸುಮ್ಮನೆ ನೋಡ್ತಾ ಇರುತ್ತೆ. ಆರಿಸೋಕೆ ಸ್ವಿಚ್ಚೇ ಇಲ್ಲ. ಕಾಯಬೇಕು, ಅಷ್ಟೇ. ಟೆಕ್ನೀಷಿಯಮ್ 6 ಗಂಟೆಗೆ ಅರ್ಧ ಆಗುತ್ತೆ, ಇನ್ನೊಂದು 6 ಗಂಟೆಗೆ ಕಾಲು. ಅರ್ಧಾಯು ಅಂತಾರಲ್ಲ, ಇದೇ ಅದು.

ಹಾಗಾದ್ರೆ ದಿನಾ ಇದನ್ನೇ ಕೈಯಲ್ಲಿ ಹಿಡಿಯೋರ ಗತಿ ಏನ್ರೀ?

ಇದಕ್ಕೆ ಉತ್ತರ ಬೇಕಾದ್ರೆ ಮೊದಲು ಒಂದು ವ್ಯತ್ಯಾಸ ತಲೆಗೆ ಹೋಗಬೇಕು. ನಮ್ಮ ಮನೆಯ ಸೌದೆ ಒಲೆ ನೆನಪಿಸ್ಕೊಳ್ಳಿ. ಒಲೆಯಿಂದ ಎರಡು ಥರದ ತೊಂದರೆ. ಒಂದು ಬಿಸಿ, ಇನ್ನೊಂದು ಮಸಿ. ಬಿಸಿ ತಾಗಬಾರದು ಅಂದ್ರೆ ದೂರ ಸರಿದರೆ ಸಾಕು. ಸರಿದ ಮೇಲೆ ಅದು ನಿಮ್ಮ ಬೆನ್ನು ಹತ್ತಿ ಬರೋದಿಲ್ಲ. ಮಸಿ ಹಾಗಲ್ಲ. ಕೈಗೆ ಅಂಟುತ್ತೆ, ಕೈಯಿಂದ ಸೀರೆಗೆ, ಸೀರೆಯಿಂದ ಮಗುವಿನ ಕೆನ್ನೆಗೆ. ದೂರ ಹೋದ್ರೆ ಜೊತೆಗೇ ಬರುತ್ತೆ. ವಿಕಿರಣದ ಲೋಕದಲ್ಲೂ ಇರೋದು ಇವೇ ಎರಡು. ಹೊರಗಿನಿಂದ ಕಿರಣ ಬಿದ್ದರೆ ಅದು ಬಿಸಿ. ವಿಕಿರಣಶೀಲ ವಸ್ತುವೇ ಮೈಗೋ ಬಟ್ಟೆಗೋ ಹೊಟ್ಟೆಗೋ ಸೇರಿದರೆ ಅದು ಮಸಿ. ಜನರ ಮುಕ್ಕಾಲು ಭಯ ಹುಟ್ಟೋದು ಈ ಎರಡನ್ನೂ ಕಲಸಿಕೊಂಡಿದ್ದರಿಂದ. ಮುಕ್ಕಾಲು ಅನಾಹುತ ಹುಟ್ಟೋದೂ ಅದರಿಂದಲೇ ಅಂತ ನನ್ನ ಅಭಿಪ್ರಾಯ.

ಬಿಸಿಗೆ ಮದ್ದು ಮೂರು: ಹೊತ್ತು, ದೂರ, ಮರೆ. ಪುಸ್ತಕದಲ್ಲಿ ಓದಿದ್ರೆ ಇದು ಒಂದು ಸಾಲು. ಕೆಲಸದ ಕೋಣೆಯಲ್ಲಿ ನೋಡಿದ್ರೆ ಒಂದು ಜೀವನಕ್ರಮ. ಹಾಟ್ ಲ್ಯಾಬ್ ಅಂತಾರೆ ಆ ಕೋಣೆಗೆ. ಮೇಜಿನ ಮೇಲೆ ಸೀಸದ ಇಟ್ಟಿಗೆಗಳು, ಅದರ ಮೇಲೆ ಸೀಸ ಬೆರೆಸಿದ ಗಾಜು. ಗಾಜಿನ ಮೂಲಕ ನೋಡ್ಕೊಂಡು, ತೋಳು ಮಾತ್ರ ಆ ಕಡೆ ಹಾಕಿ ಕೆಲಸ. ಬಾಟಲಿಯನ್ನು ಬೆರಳಲ್ಲಿ ಹಿಡಿಯೋ ಹಾಗಿಲ್ಲ, ಇಕ್ಕಳ ಬೇಕು. ಯಾಕೆ ಅಂತೀರಾ? ದೂರ ಹತ್ತರಷ್ಟಾದ್ರೆ ಬಿಸಿ ಹತ್ತರಷ್ಟಲ್ಲ, ನೂರರಷ್ಟು ಕಡಿಮೆಯಾಗುತ್ತೆ. 10 ಸೆಂಟಿಮೀಟರ್ ಹತ್ತಿರ ಇದ್ದವನು ಒಂದು ಮೀಟರ್ ದೂರಕ್ಕೆ ಬಂದ್ರೆ ಬೀಳೋದು ನೂರರಲ್ಲಿ ಒಂದು ಪಾಲು. ಅಡುಗೆಮನೆಯ ಇಕ್ಕಳದಷ್ಟು ಉದ್ದದ ಒಂದು ಸಾಮಾನು ಲಕ್ಷ ರೂಪಾಯಿಯ ಯಂತ್ರ ಮಾಡೋ ಕೆಲಸ ಮಾಡಿಬಿಡುತ್ತೆ.

ಸಿರಿಂಜಿಗೂ ಒಂದು ಅಂಗಿ ಉಂಟು. ಸೀಸದ್ದೋ ಟಂಗ್‌ಸ್ಟನ್‌ದೋ ಕೊಳವೆ. ಅದನ್ನು ತೊಡಿಸಿದ್ರೆ ಸಿರಿಂಜ್ ಭಾರ ಆಗುತ್ತೆ, ನರ ಹುಡುಕೋದು ಕಷ್ಟ ಆಗುತ್ತೆ. ಹಾಗಾಗಿ ಅವಸರದಲ್ಲಿ ಎಲ್ಲರಿಗಿಂತ ಮೊದಲು ಕಳಚಿ ಬೀಳೋದೂ ಅದೇ ಅಂಗಿ. 'ಒಂದೇ ಪೇಷೆಂಟ್ ತಾನೇ, ಅರ್ಧ ನಿಮಿಷ ತಾನೇ.' ಆ ಅರ್ಧ ನಿಮಿಷ ದಿನಕ್ಕೆ 20 ಸಲ, ವರ್ಷಕ್ಕೆ 300 ದಿನ ಬಂದ್ರೆ? ಎದೆಯ ಮೇಲಿನ ಬ್ಯಾಡ್ಜ್‌ಗೆ ಇದು ಕಾಣಿಸೋದೇ ಇಲ್ಲ, ಯಾಕಂದ್ರೆ ಏಟು ತಿನ್ನೋದು ಬೆರಳ ತುದಿ. ಅದಕ್ಕೇ ಬೆರಳಿಗೆ ಬೇರೆ ಉಂಗುರ ಇರುತ್ತೆ, ವಿಕಿರಣ ಅಳೆಯೋ ಉಂಗುರ.

ಹೊತ್ತು ಉಳಿಸೋದು ಅಂದ್ರೆ ಗಡಿಬಿಡಿ ಮಾಡೋದಲ್ಲ. ಕೈ ಪಳಗಿರಬೇಕು. ಹೊಸ ವಿಧಾನ ಕಲಿಯೋ ಹುಡುಗ ಹುಡುಗಿಯರು ಮೊದಲು ವಿಕಿರಣ ಇಲ್ಲದ ಬರೀ ಸಲೈನ್ ಹಿಡ್ಕೊಂಡು ಹತ್ತು ಸಲ ತಾಲೀಮು ಮಾಡ್ತಾರೆ, ಯಕ್ಷಗಾನದವರು ಮೇಳ ಹೊರಡೋ ಮುಂಚೆ ಮಾಡ್ತಾರಲ್ಲ ಹಾಗೆ. ಮಣಿಪಾಲದಂಥ ಕಡೆ ಇದಕ್ಕೇ ಪದವಿ ಕೋರ್ಸ್ ಇದೆ. ಪಿಯುಸಿ ಸೈನ್ಸ್ ಮುಗಿಸಿ 'ಮೆಡಿಕಲ್ ಸಿಗಲಿಲ್ಲ, ಎಂಜಿನಿಯರಿಂಗ್ ಬೇಡ' ಅಂತ ಕೂತಿರೋ ಮಕ್ಕಳ ಅಪ್ಪ ಅಮ್ಮ ಇದನ್ನೂ ಒಮ್ಮೆ ವಿಚಾರಿಸಿ ನೋಡಬಹುದು.

ಈಗ ಒಂದು ದೂರಿಗೆ ಬರೋಣ. ಪೆಟ್ ಸ್ಕ್ಯಾನ್‌ಗೆ ಹೋಗಿ ಬಂದ ಎಷ್ಟೋ ಜನ ಹೇಳೋ ಮಾತು: 'ಇಂಜೆಕ್ಷನ್ ಕೊಡೋವರೆಗೆ ಚೆನ್ನಾಗಿ ಮಾತಾಡಿದ್ರು, ಕೊಟ್ಟಿದ್ದೇ ತಡ ಒಂದು ಕೋಣೆಯಲ್ಲಿ ಕೂರಿಸಿ ಮಾಯ ಆಗಿಬಿಟ್ರು. ಅಸ್ಪೃಶ್ಯರ ಥರ ನೋಡಿದ್ರು.' ಅಲ್ಲ ಸ್ವಾಮಿ, ಹಾಗಲ್ಲ. ಪೆಟ್‌ನಲ್ಲಿ ಬಳಸೋ ಫ್ಲೋರಿನ್-18ರ ಕಿರಣ ಟೆಕ್ನೀಷಿಯಮ್‌ಗಿಂತ ಮೂರು ಮೂರೂವರೆ ಪಟ್ಟು ಹೆಚ್ಚು ಶಕ್ತಿಯದ್ದು. ಟೆಕ್ನೀಷಿಯಮ್ ಕಿರಣವನ್ನು ಅರ್ಧಕ್ಕೆ ಇಳಿಸೋಕೆ ಮಿಲಿಮೀಟರ್‌ನ ಮೂರನೇ ಒಂದು ಭಾಗದಷ್ಟು ಸೀಸ ಸಾಕು. ಇದಕ್ಕೆ ನಾಲ್ಕು ಮಿಲಿಮೀಟರ್ ಮೇಲೆ ಬೇಕು. ಎಕ್ಸ್‌ರೇ ಕೋಣೆಯ ಸೀಸದ ಏಪ್ರನ್ ಹಾಕ್ಕೊಂಡ್ರೆ ಬೆನ್ನು ನೋವು ಬರುತ್ತೆ ಹೊರತು ಹೆಚ್ಚೇನೂ ಉಪಯೋಗ ಇಲ್ಲ. ಮರೆ ಕೈಕೊಟ್ಟ ಮೇಲೆ ಉಳಿದಿದ್ದು ಹೊತ್ತು ಮತ್ತು ದೂರ. ಆದ್ದರಿಂದ ಚೆನ್ನಾಗಿ ನಡೆಯೋ ವಿಭಾಗದಲ್ಲಿ ಮಾತೆಲ್ಲ ಮೊದಲೇ ಮುಗಿಸ್ತಾರೆ. ಸಹಿ, ಶುಗರ್ ಪರೀಕ್ಷೆ, 'ನೀರು ಎಲ್ಲಿದೆ, ಬಾತ್‌ರೂಮ್ ಎಲ್ಲಿದೆ', ಮನೆಯವರ ನೂರೆಂಟು ಪ್ರಶ್ನೆ, ಎಲ್ಲವೂ ಸೂಜಿ ಚುಚ್ಚೋ ಮುಂಚೆ. ಆಮೇಲಿನ ಒಂದೊಂದು ನಿಮಿಷದ ಬೆಲೆ ಕೊಡೋದು ಆ ಸಿಸ್ಟರ್. ನಿಮಗೆ ಇದು ಒಂದು ದಿನ. ಅವರಿಗೆ ಇಡೀ ಕೆಲಸದ ಜೀವನ. ಆದ್ರೆ ಇದನ್ನು ಎರಡು ಮಾತಲ್ಲಿ ರೋಗಿಗೆ ಹೇಳಿದ್ರೆ ಆಗ್ತಿರಲಿಲ್ವಾ? ಆಗ್ತಿತ್ತು. ಹೇಳಬೇಕು.

ಇನ್ನು ಮಸಿ. ಇದು ಹೆಚ್ಚು ಸೂಕ್ಷ್ಮ. ಹಾಟ್ ಲ್ಯಾಬ್‌ನಲ್ಲಿ ಕಾಫಿ ಇಲ್ಲ, ತಿಂಡಿ ಇಲ್ಲ, ಎಲೆ ಅಡಿಕೆ ಇಲ್ಲ, ತುಟಿಗೆ ಬಣ್ಣ ಹಚ್ಚೋದೂ ಇಲ್ಲ. ಕೈಯಿಂದ ಬಾಯಿಗೆ ಹೋಗೋ ದಾರಿಗಳನ್ನೆಲ್ಲ ಮುಚ್ಚಿರ್ತಾರೆ. ಥೈರಾಯಿಡ್‌ಗೆ ಕೊಡೋ ಅಯೋಡಿನ್-131 ದ್ರವವಾಗಿದ್ರೆ ಬಾಟಲಿ ತೆಗೆದ ಕೂಡಲೇ ಸ್ವಲ್ಪ ಗಾಳಿಗೆ ಸೇರುತ್ತೆ, ಅದಕ್ಕೆ ಗಾಳಿ ಎಳೆಯೋ ಪೆಟ್ಟಿಗೆಯೊಳಗೇ ತೆಗೀಬೇಕು. ಗ್ಲೌಸ್ ಹಾಕಿದ ಕೈಯಲ್ಲಿ ಬಾಗಿಲ ಹಿಡಿ ಮುಟ್ಟಬಾರದು, ಮೊಬೈಲ್ ಅಂತೂ ಮುಟ್ಟಲೇಬಾರದು.

ಚೆಲ್ಲಿತು ಅಂತಿಟ್ಕೊಳ್ಳಿ. ಮೊದಲು ಬೇಕಾದ್ದು ಬಾಯಿ. ಜೋರಾಗಿ ಹೇಳಬೇಕು: ಚೆಲ್ಲಿದೆ, ಈ ಕಡೆ ಬರಬೇಡಿ. ಆಮೇಲೆ ಹೀರೋ ಕಾಗದ ಹಾಕಿ, ಹೊರಗಿನಿಂದ ಒಳಕ್ಕೆ ಒರೆಸಬೇಕು. ಒಳಗಿನಿಂದ ಹೊರಕ್ಕೆ ಒರೆಸಿದ್ರೆ ರಂಗೋಲಿ ಆಗಿಬಿಡುತ್ತೆ. ಮೀಟರ್ ಹಿಡಿದು ನೆಲ ನೋಡಬೇಕು, ಚಪ್ಪಲಿಯ ಅಡಿ ನೋಡಬೇಕು. ಇದ್ಯಾವುದೂ ಕಷ್ಟದ ವಿದ್ಯೆ ಅಲ್ಲ. ಕಷ್ಟ ಇರೋದು ಆ ಮೊದಲ ಮಾತಿನಲ್ಲಿ. 'ಚೆಲ್ಲಿದೆ' ಅಂದ್ರೆ ಬೈಗುಳ ಬೀಳುತ್ತೆ ಅಂತ ಗೊತ್ತಿರೋ ಹುಡುಗ ಸದ್ದಿಲ್ಲದೆ ಟಿಶ್ಯೂನಲ್ಲಿ ಒರೆಸಿ ಡಸ್ಟ್‌ಬಿನ್‌ಗೆ ಹಾಕ್ತಾನೆ. ಅಲ್ಲಿಂದ ಅದು ಕಸ ಎತ್ತೋ ಅಮ್ಮನ ಕೈಗೆ.

ಕಾನೂನು ಗಟ್ಟಿಯಾಗೇ ಇದೆ. ನಮ್ಮ ದೇಶದಲ್ಲಿ ಇದನ್ನು ನೋಡ್ಕೊಳ್ಳೋದು 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ. ಅದರ ಲೆಕ್ಕ ಹೀಗೆ: ವಿಕಿರಣದ ಕೆಲಸ ಮಾಡೋರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಸಾರ್ವಜನಿಕರಿಗೆ ಇಂಥ ಕೆಲಸಗಳಿಂದ ಬರೋದು 1 ದಾಟಬಾರದು. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ಮಣ್ಣು, ಗಾಳಿ, ಆಕಾಶದಿಂದ ನಮ್ಮೆಲ್ಲರಿಗೂ ಬರೋ ಜಾಗತಿಕ ಸರಾಸರಿ 2.4. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ರೆ, ಶಿಸ್ತಿನಿಂದ ನಡೆಯೋ ವಿಭಾಗದಲ್ಲಿ ಕೆಲಸ ಮಾಡೋಕೆ ಹೆದರಬೇಕಿಲ್ಲ. ಗರ್ಭಿಣಿ ಆದ ಟೆಕ್ನಾಲಜಿಸ್ಟ್ ತಿಳಿಸಿದ ಮೇಲೆ ಹೊಟ್ಟೆಯೊಳಗಿನ ಮಗುವಿಗೂ 1ರ ಮಿತಿ, ಕೆಲಸ ಅದಕ್ಕೆ ತಕ್ಕಂತೆ ಬದಲಾಯಿಸಬೇಕು.

ಮಿತಿ ದಾಟಿದೆಯೋ ಇಲ್ಲವೋ ಹೇಳೋದು ಬ್ಯಾಡ್ಜ್. ಎದೆ ಮೇಲೆ ಸಿಕ್ಕಿಸಿರ್ತಾರಲ್ಲ, ಟಿಎಲ್‌ಡಿ ಅಂತ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗುತ್ತೆ. ಅದು ಕಿರಣವನ್ನು ತಡೆಯೋದಿಲ್ಲ ರೀ, ಬರೀ ಲೆಕ್ಕ ಬರೆಯುತ್ತೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ಇದ್ದಹಾಗೆ. ಲೆಕ್ಕ ಜಾಸ್ತಿ ಬಂದ್ರೆ ವಿಚಾರಣೆ ಆಗುತ್ತೆ, ಬಿಸಿ ಕೆಲಸದಿಂದ ತೆಗೀತಾರೆ ಅಂತ ಹೆದರಿ, ಬ್ಯಾಡ್ಜನ್ನು ಡ್ರಾಯರ್‌ನಲ್ಲಿಟ್ಟು ಕೆಲಸಕ್ಕೆ ಹೋಗೋರು ಇದ್ದಾರೆ. ಗುತ್ತಿಗೆ ಕೆಲಸ, ಕೈಗೆ ಬರೋ ಸಂಬಳ ಅಷ್ಟಕ್ಕಷ್ಟೇ, ಹೆದರದೆ ಏನು ಮಾಡ್ತಾರೆ? ಅವರನ್ನು ಬೈದು ಪ್ರಯೋಜನ ಇಲ್ಲ. ಪುಸ್ತಕ ತೋರಿಸಿದವನಿಗೆ ಶಿಕ್ಷೆ, ಪುಸ್ತಕ ಮುಚ್ಚಿಟ್ಟವನಿಗೆ ಸಂಬಳ ಅನ್ನೋ ವ್ಯವಸ್ಥೆ ಇದ್ದರೆ ಯಾರು ತಾನೇ ತೋರಿಸ್ತಾರೆ?

ಇನ್ನೊಂದು ಸಂಗತಿ. ಬ್ಯಾಡ್ಜ್‌ಗೆ ಕಾಣೋದು ಬಿಸಿ ಮಾತ್ರ, ಹೊಟ್ಟೆ ಸೇರಿದ ಮಸಿ ಅಲ್ಲ. 2009ರ ನವೆಂಬರ್‌ನಲ್ಲಿ ನಮ್ಮ ಕೈಗಾ ಅಣುಸ್ಥಾವರದ ಸುದ್ದಿ ನೆನಪಿದೆಯಲ್ಲ? ಕುಡಿಯೋ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಮ್ ಇರೋ ಭಾರಜಲ ಬೆರೆಸಿದ್ದರು. ಆಗ ಅದನ್ನು ಹಿಡಿದದ್ದು ಎದೆಯ ಬ್ಯಾಡ್ಜ್ ಅಲ್ಲ, ಕಾರ್ಮಿಕರ ಮಾಮೂಲಿ ಮೂತ್ರ ಪರೀಕ್ಷೆ. ಆಸ್ಪತ್ರೆಯಲ್ಲೂ ಹಾಗೇ. ಅಯೋಡಿನ್ ಮುಟ್ಟೋರ ಕುತ್ತಿಗೆಗೆ ಆಗಾಗ ಮೀಟರ್ ಹಿಡಿದು, ಥೈರಾಯಿಡ್‌ನಲ್ಲಿ ಏನಾದ್ರೂ ಕೂತಿದೆಯಾ ಅಂತ ನೋಡಬೇಕು.

ಇಷ್ಟು ಹೊತ್ತು ಹೇಳಿದ್ದು ತಿಳಿದವರ ಕಥೆ. ನನ್ನ ಚಿಂತೆ ಇರೋದು ತಿಳಿಯದವರ ಬಗ್ಗೆ. ವಿಕಿರಣದ ಇತಿಹಾಸದಲ್ಲಿ ಮತ್ತೆ ಮತ್ತೆ ಆಗಿರೋದು ಒಂದೇ. ಕೋಣೆಯಲ್ಲಿ ಒಬ್ಬನಿಗೆ ಗೊತ್ತಿರುತ್ತೆ, ಅವನು ದೂರ ನಿಲ್ತಾನೆ. ಇನ್ನೊಬ್ಬನಿಗೆ ಗೊತ್ತಿರಲ್ಲ, ಅವನು ಮುಟ್ತಾನೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆರೆಂಜ್ ಅನ್ನೋ ಊರು. ಮೊದಲ ಮಹಾಯುದ್ಧದ ಕಾಲ. ಕತ್ತಲಲ್ಲಿ ಹೊಳೆಯೋ ಗಡಿಯಾರದ ಮುಖಕ್ಕೆ ರೇಡಿಯಮ್ ಬಣ್ಣ ಹಚ್ಚೋ ಕಾರ್ಖಾನೆ. ಕೆಲಸಕ್ಕೆ ಹದಿಹರೆಯದ ಹೆಣ್ಣುಮಕ್ಕಳು. ಅಂಕಿ ಸಣ್ಣದು, ಕುಂಚದ ತುದಿ ಚೂಪಾಗಬೇಕು. 'ತುಟಿಯಲ್ಲಿ ಚೂಪು ಮಾಡ್ಕೊಳ್ಳಿ' ಅಂತ ಕಲಿಸಿದ್ರು. ದಿನಕ್ಕೆ ನೂರಾರು ಸಲ ರೇಡಿಯಮ್ ತುಟಿಗೆ. ಅದೇ ಕಂಪನಿಯ ಕೆಮಿಸ್ಟ್‌ಗಳು ಮಾತ್ರ ಸೀಸದ ಪರದೆ ಹಿಂದೆ, ಕೈಯಲ್ಲಿ ಇಕ್ಕಳ! ರೇಡಿಯಮ್ ದೇಹಕ್ಕೆ ಸುಣ್ಣದಂತೆ ಕಾಣುತ್ತೆ, ನೇರ ಮೂಳೆಗೆ ಹೋಗಿ ಕೂರುತ್ತೆ. ಅದರ ಅರ್ಧಾಯು 1600 ವರ್ಷ. ಹಲ್ಲು ಬಿದ್ದವು, ದವಡೆ ಕೊಳೆತು ಕೈಗೆ ಬಂತು, ಒಬ್ಬೊಬ್ಬರಾಗಿ ಸತ್ತರು. ಐದು ಜನ ಹೆಂಗಸರು ಕೋರ್ಟಿಗೆ ಹೋದರು. 1928ರಲ್ಲಿ ರಾಜಿ ಆಯ್ತು. ಕೆಲಸಗಾರರಿಗೆ ಅಪಾಯ ತಿಳಿಸದೆ ಇರೋದೇ ತಪ್ಪು ಅನ್ನೋ ಅರಿವು ಬೆಳೆಯೋಕೆ ಅವರ ಮೂಳೆಗಳು ಬೇಕಾದವು. ವಿಚಿತ್ರ ನೋಡಿ, ಈಗ ಅದೇ ರೇಡಿಯಮ್‌ನ ಇನ್ನೊಂದು ರೂಪ, ರೇಡಿಯಮ್-223, ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಔಷಧಿ. ಮೂಳೆ ಹುಡುಕಿಕೊಂಡು ಹೋಗೋ ಅದೇ ಗುಣ ಈಗ ಉಪಕಾರಕ್ಕೆ ಬಂದಿದೆ. ಅರ್ಧಾಯು ಸುಮಾರು 11 ದಿನ.

ನಮ್ಮದೇ ದೇಶದ್ದು ಬೇಕಾ? 2010, ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಒಂದು ಗಾಮಾ ಯಂತ್ರ ಇತ್ತು, ಒಳಗೆ ಕೋಬಾಲ್ಟ್-60. 1985ರಿಂದ ಯಾರೂ ಬಳಸಿರಲಿಲ್ಲ. ಹಳೇ ಸಾಮಾನು ಅಂತ ಹರಾಜು ಹಾಕಿದ್ರು. ಗುಜರಿಯವರು ಒಡೆದ್ರು, ಕತ್ತರಿಸಿದ್ರು. ಹೊಳೆಯೋ ಒಂದು ತುಂಡನ್ನು ಒಬ್ಬರು ಪರ್ಸ್‌ನಲ್ಲಿಟ್ಟುಕೊಂಡು ಓಡಾಡಿದ್ರು. ಏಳು ಮಂದಿಗೆ ವಿಕಿರಣದ ಗಾಯ, ಒಬ್ಬ ಕೆಲಸಗಾರ ಏಪ್ರಿಲ್‌ನಲ್ಲಿ ತೀರಿಕೊಂಡ. ಕೋಬಾಲ್ಟ್‌ನ ಅರ್ಧಾಯು ಐದೂ ಕಾಲು ವರ್ಷ. ಯಂತ್ರ ಬಂದು ಸುಮಾರು 40 ವರ್ಷ ಆಗಿತ್ತು. ಏಳೆಂಟು ಸಲ ಅರ್ಧರ್ಧ ಆದ ಮೇಲೂ ಉಳಿದಿದ್ದ ಬಿಸಿ ಅದು.

ಇದು ನ್ಯೂಕ್ಲಿಯರ್ ಮೆಡಿಸಿನ್‌ನ ವಸ್ತು ಅಲ್ಲ ಅನ್ನೋದನ್ನ ಸ್ಪಷ್ಟ ಮಾಡ್ತೀನಿ. ಅಲ್ಲಿಯದು ಗಂಟೆ, ದಿನಗಳಲ್ಲಿ ಕರಗಿ ಹೋಗುತ್ತೆ. ಕೋಬಾಲ್ಟ್ ಹಾಗೆ ಹೋಗಲ್ಲ. ಆದ್ರೆ ಪಾಠ ಎರಡಕ್ಕೂ ಒಂದೇ. ಇಂಥ ಯಂತ್ರಗಳ ಮೇಲೆ ಬರೆಯೋ ಎಚ್ಚರಿಕೆ ಗುರುತು ಯಾವುದು? ಹಳದಿ ಬಣ್ಣದಲ್ಲಿ ಮೂರು ರೆಕ್ಕೆ. ಭೌತಶಾಸ್ತ್ರ ಓದದವನಿಗೆ ಅದು ಫ್ಯಾನ್ ಥರ ಕಂಡ್ರೆ ಅವನ ತಪ್ಪಾ? ಇದನ್ನು ಅರಿತೇ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2007ರಲ್ಲಿ, ದೊಡ್ಡ ಅಪಾಯದ ವಸ್ತುಗಳಿಗೆ ಹೊಸ ಚಿತ್ರ ತಂದಿತು: ಕೆಂಪು ಹಿನ್ನೆಲೆ, ತಲೆಬುರುಡೆ, ಓಡಿಹೋಗ್ತಿರೋ ಮನುಷ್ಯ. ಇದನ್ನು ಓದೋಕೆ ಶಾಲೆಗೆ ಹೋಗಿರಬೇಕಿಲ್ಲ.

ಆಸ್ಪತ್ರೆಯೊಳಗೆ ಈ ತಿಳಿಯದವರು ಯಾರು? ಅಯೋಡಿನ್ ವಾರ್ಡಿನ ಹಾಸಿಗೆ ಬದಲಿಸೋ ಆಯಾ, ನೆಲ ಒರೆಸೋರು, ಬಟ್ಟೆ ಒಯ್ಯೋರು, ರಾತ್ರಿಪಾಳಿಯ ಸೆಕ್ಯೂರಿಟಿ. ಥೈರಾಯಿಡ್ ಕ್ಯಾನ್ಸರ್‌ಗೆ 30 ಮಿಲಿಕ್ಯೂರಿಗಿಂತ ಹೆಚ್ಚು ಅಯೋಡಿನ್ ಕೊಟ್ರೆ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇಡಬೇಕು. ಆ ಕೋಣೆಯ ಶೌಚದ ನೀರು ನೇರ ಚರಂಡಿಗೆ ಹೋಗಲ್ಲ, ಕರಗೋವರೆಗೆ ದೊಡ್ಡ ತೊಟ್ಟಿಯಲ್ಲಿ ನಿಲ್ಲಿಸ್ತಾರೆ. ಅಯೋಡಿನ್ ಮೂತ್ರದಲ್ಲಿ, ಬೆವರಲ್ಲಿ, ಎಂಜಲಲ್ಲಿ ಹೊರಬರುತ್ತೆ. ಅಂದ್ರೆ ದಿಂಬಿನ ಕವರ್‌ನಲ್ಲಿ ಮಸಿ ಇದೆ. ಡಾಕ್ಟರಿಗೆ ತರಬೇತಿ ಇದೆ, ಟೆಕ್ನಾಲಜಿಸ್ಟ್‌ಗೆ ಇದೆ, ವಿಕಿರಣ ಸುರಕ್ಷತಾ ಅಧಿಕಾರಿ ಅಂತ ಒಬ್ಬರು ಇರಲೇಬೇಕು ಅನ್ನೋ ನಿಯಮ ಇದೆ. ಆ ದಿಂಬಿನ ಕವರ್ ಎತ್ತೋ ಹೆಂಗಸಿಗೆ, ಅವಳ ಭಾಷೆಯಲ್ಲಿ, ಕೂರಿಸಿಕೊಂಡು ಹೇಳಿದವರು ಯಾರು? ಗುತ್ತಿಗೆದಾರ ಆಕೆಯನ್ನು ಮುಂದಿನ ತಿಂಗಳು ಬೇರೆ ವಾರ್ಡಿಗೆ ಹಾಕಿ ಹೊಸಬಳನ್ನು ತಂದಾಗ, ಮತ್ತೆ ಹೇಳಿದವರು ಯಾರು?

ಮನೆಗೆ ಬಂದ ರೋಗಿಯದು ಇದರ ಉಲ್ಟಾ ಕಥೆ. ಅಲ್ಲಿ ಅಪಾಯ ಕಡಿಮೆ, ಭಯ ಜಾಸ್ತಿ. ಇದು ಅಂಟುರೋಗ ಅಲ್ಲ. ಬಿಸಿ ಇದೆ, ಸ್ವಲ್ಪ ಮಸಿ ಇದೆ, ಎರಡೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತೆ. ಬಿಸಿಗೆ: ವೈದ್ಯರು ಬರೆದುಕೊಟ್ಟಷ್ಟು ದಿನ ಬೇರೆ ಮಲಗೋದು, ಪುಟ್ಟ ಮಕ್ಕಳನ್ನು ಎತ್ತಿಕೊಳ್ಳದೆ ಇರೋದು, ಗರ್ಭಿಣಿಯರಿಂದ ದೂರ ಇರೋದು. ಮಸಿಗೆ: ಗಂಡಸರೂ ಕೂತೇ ಮೂತ್ರ ಮಾಡೋದು, ಎರಡು ಸಲ ಫ್ಲಶ್, ಕೈ ಚೆನ್ನಾಗಿ ತೊಳೆಯೋದು, ತಟ್ಟೆ ಲೋಟ ಬೇರೆ, ಬಟ್ಟೆ ಬೇರೆಯಾಗಿ ಒಗೆಯೋದು, ನೀರು ಧಾರಾಳವಾಗಿ ಕುಡಿಯೋದು. ಅಷ್ಟೇ. ಬಾಗಿಲ ಹತ್ತಿರ ನಿಂತು 'ಹೇಗಿದ್ದೀಯಮ್ಮ' ಅಂತ ಕೇಳೋಕೆ ಯಾವ ಅಡ್ಡಿಯೂ ಇಲ್ಲ. ಅತ್ತೆ ಮನೆಯವರು ಸೊಸೆಯನ್ನು ಆರು ತಿಂಗಳು ತವರಲ್ಲಿ ಬಿಡೋಕೆ ಇದು ನೆಪವೂ ಅಲ್ಲ. ವಿಮಾನದಲ್ಲಿ ಹೋಗೋರು ಆಸ್ಪತ್ರೆಯ ಪತ್ರ ಜೊತೆಗಿಟ್ಟುಕೊಳ್ಳಿ. ವಿಕಿರಣ ಪತ್ತೆ ಮಾಡೋ ಯಂತ್ರ ಇರೋ ವಿಮಾನ ನಿಲ್ದಾಣದಲ್ಲಿ ಅದು ಕೂಗಿಕೊಂಡುಬಿಡಬಹುದು.

ಇನ್ನು ವಿಭಾಗದ ಕಸ. ಬಳಸಿದ ಸಿರಿಂಜು, ಹತ್ತಿ, ಗ್ಲೌಸು, ಆ ದಿಂಬಿನ ಕವರು, ಎಲ್ಲ ಚೀಲಕ್ಕೆ ಹೋಗುತ್ತೆ. ಚೀಲದ ಮೇಲೆ ವಸ್ತುವಿನ ಹೆಸರು, ತಾರೀಖು. ಟೆಕ್ನೀಷಿಯಮ್ ಒಂದು ಕಡೆ, ಅಯೋಡಿನ್ ಇನ್ನೊಂದು ಕಡೆ. ಬೀಗ ಹಾಕಿದ ಕೋಣೆಯಲ್ಲಿ ಹತ್ತು ಅರ್ಧಾಯು ಕಾಯ್ತಾರೆ. ಟೆಕ್ನೀಷಿಯಮ್‌ಗೆ ಎರಡೂವರೆ ದಿನ, ಅಯೋಡಿನ್‌ಗೆ 80 ದಿನ. ಹತ್ತು ಸಲ ಅರ್ಧ ಮಾಡಿದ್ರೆ ಉಳಿಯೋದು ಸಾವಿರದಲ್ಲಿ ಒಂದು ಪಾಲು. ಆಮೇಲೆ ಮೀಟರ್ ಹಿಡಿದು ನೋಡ್ತಾರೆ. ಮುಳ್ಳು ಮಾಮೂಲಿ ಮಟ್ಟಕ್ಕೆ ಬಂದಿದ್ರೆ ಚೀಲ ಉಳಿದ ಆಸ್ಪತ್ರೆ ಕಸದ ಜೊತೆ ಹೋಗಬಹುದು. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಇದೆ. ಚೀಲದ ಮೇಲಿನ ಆ ಮೂರು ರೆಕ್ಕೆಯ ಗುರುತನ್ನು ಹರಿದು ಹಾಕಬೇಕು, ಇಲ್ಲಾ ಮಸಿ ಬಳಿದು ಅಳಿಸಬೇಕು. ಹಾಗೇ ಬಿಟ್ರೆ ಅದನ್ನು ಕಂಡ ಒಬ್ಬ ಕಸ ಆಯೋನು ಗಾಬರಿ ಬೀಳ್ತಾನೆ. ಇನ್ನೊಬ್ಬ ಚೀಲ ಮುಟ್ಟಿ, ಏನೂ ಆಗದೆ ಇದ್ದದ್ದು ನೋಡಿ, ಈ ಚಿತ್ರಕ್ಕೆ ಅರ್ಥ ಇಲ್ಲ ಅಂತ ಕಲಿತುಬಿಡ್ತಾನೆ.